ಹನ್ನೊಂದು ಅಂಚುಗಳು

ಜನವರಿ 5, ಭಾನುವಾರ

ಕೊನೆಗೂ ಬೆಂಗಳೂರಿನಿಂದ ಪತ್ರ ಬಂತು. ಇ-ಮೇಲ್ ಪತ್ರವೇ ಆದರೂ ಪ್ರಿಂಟ್ ತೆಗೆಸಿ ನಾಲ್ಕು ಸಲ ಓದಿದೆ. ಅಲ್ಲಿನ ಖಾಸಗಿ ಮ್ಯೂಸಿಯಂ ಒಂದು ನನ್ನ ಹನ್ನೆರಡು ಚಿತ್ರಗಳಿಗೆ ಪ್ರತ್ಯೇಕ ಕೋಣೆ ಕೊಡುತ್ತದಂತೆ. ಬಾಗಿಲ ಮೇಲೆ ನನ್ನ ಹೆಸರಲ್ಲೇ 'ಪ್ರಿಯದರ್ಶಿನಿ ಸಂಗ್ರಹ' ಎಂದು ಫಲಕ. ಫೆಬ್ರವರಿ ಎರಡಕ್ಕೆ ಲಿಖಿತಾ ಎಂಬ ಹುಡುಗಿ ಅವರ ಕಡೆಯಿಂದ ಶಿವಮೊಗ್ಗಕ್ಕೆ ಬಂದು ಎಲ್ಲವನ್ನೂ ನೋಡಿ ಹೋಗುತ್ತಾಳೆ. ಕಾಲೇಜಿನಲ್ಲಿ ಇಪ್ಪತ್ತೊಂದು ವರ್ಷ ಇತಿಹಾಸ ಪಾಠ ಮಾಡಿದ್ದಕ್ಕೆ ನನಗೆ ಸಿಕ್ಕಿದ್ದು ಎರಡು ಶಾಲು, ಒಂದು ಗೋಡೆ ಗಡಿಯಾರ. ಗಡಿಯಾರ ನಿಂತು ಹೋಗಿದೆ.

ತೊಡಕು ಒಂದೇ. ನನ್ನ ಬಳಿ ಇರುವುದು ಹನ್ನೊಂದು. ಹನ್ನೆರಡು ಇದೆ ಎಂದು ಅವರಿಗೆ ಬರೆದವಳು ನಾನೇ. ಅದು ಸುಳ್ಳಲ್ಲ, ಸ್ವಲ್ಪ ಮುಂಚೆ ಹೇಳಿದ ನಿಜ.

ಭದ್ರಾವತಿಯ ದಸ್ತಗೀರ್ ಸಾಹೇಬರು ಸ್ಕ್ರೀನ್ ಪ್ರಿಂಟಿಂಗ್ ಮಾಡುತ್ತಿದ್ದವರು. ಮದುವೆ ಕಾರ್ಡು, ಯೂನಿಯನ್ ಬ್ಯಾನರು, ಕಾರ್ಖಾನೆಯ 'ಅಪಾಯ' ಬೋರ್ಡು, ಇವು ಅವರ ಹೊಟ್ಟೆಪಾಡು. ಮೂವತ್ತೈದು ವರ್ಷದ ಹಿಂದೆ ಒಂದು ಕಾರ್ಮಿಕ ಸಂಘ ರಾಜ್ಯೋತ್ಸವಕ್ಕೆಂದು ಇತಿಹಾಸ ಪುರುಷರ ಚಿತ್ರ ಕೇಳಿತು. ಕೈಯಲ್ಲಿ ಕಾಸಿಲ್ಲದ ಸಂಘ. ಸಾಹೇಬರು ಪೇಪರ್ ಮಿಲ್ಲಿನ ರಿಜೆಕ್ಟ್ ಶೀಟು ತಂದು, ಮದುವೆ ಕಾರ್ಡಿಗೆ ಕಲೆಸಿ ಉಳಿದ ಬಣ್ಣದಲ್ಲೇ ಅಚ್ಚು ಹಾಕಿದರು. ಹಾಗಾಗಿ ನಮ್ಮ ಪುಲಕೇಶಿಗೆ ನೇರಳೆ ಮುಖ, ಹಸಿರು ಮೀಸೆ. ವಿಶ್ವೇಶ್ವರಯ್ಯನವರ ಪೇಟ ಅಪ್ಪಟ ಗುಲಾಬಿ. ಓಬವ್ವನ ಹಿಂದಿನ ಕೋಟೆ ಕಿತ್ತಳೆ. ಒಟ್ಟು ಹನ್ನೆರಡು ಚಿತ್ರ, ಒಂದೊಂದೂ ಇಪ್ಪತ್ತು ಪ್ರತಿ. ಬೆಂಗಳೂರಿನವರು ಇದನ್ನು ಪಾಪ್ ಆರ್ಟ್ ಎನ್ನುತ್ತಾರೆ. ಸಾಹೇಬರು ಆ ಮಾತನ್ನು ಕೇಳಿದ್ದರೋ ಇಲ್ಲವೋ. ತೀರಿಕೊಂಡು ಮೂರು ವರ್ಷವಾಯಿತು.

ಹಾಳು ಬಿದ್ದ ಶಾಲೆಯ ಉಗ್ರಾಣ, ಟೀ ಅಂಗಡಿಯ ಗೋಡೆ, ಅಕ್ಕಿ ಮೂಟೆಯ ಅಡಿ, ಹೀಗೆ ಒಂಬತ್ತು ವರ್ಷ ಅಲೆದು ಹನ್ನೊಂದನ್ನು ನಾನು ಉಳಿಸಿದೆ. ಮಿಕ್ಕ ಪ್ರತಿಗಳನ್ನು ಗೆದ್ದಲು ತಿಂದಿದೆ. ಹನ್ನೆರಡನೆಯದು ಕೆಳದಿ ಚೆನ್ನಮ್ಮ. ಅದು ಸಾಹೇಬರ ಹೆಂಡತಿಯ ಬಳಿ ಇದೆ. ಮುದುಕಿಗೆ ಅದೊಂದು ಹಳೆಯ ಕಾಗದ. ಕೊಡದೇ ಏನು ಮಾಡುತ್ತಾಳೆ?


ಜನವರಿ 11, ಶನಿವಾರ

ಭದ್ರಾವತಿಗೆ ಹೋಗಿ ಬಂದೆ.

ಹಳೇನಗರದಲ್ಲಿ ಆಕೆಯ ಮನೆ. ಹೆಸರು ಫಿರೋಜಾ. ಮುಂದಿನ ಕೋಣೆಯಲ್ಲಿ ಮಗ ಜಾಹಿದ್‌ನ ಫ್ಲೆಕ್ಸ್ ಅಂಗಡಿ. ಹುಟ್ಟುಹಬ್ಬದ ಶುಭಾಶಯಕ್ಕೂ ಶ್ರದ್ಧಾಂಜಲಿಗೂ ಅವನಲ್ಲಿ ಒಂದೇ ಮೋಡದ ಹಿನ್ನೆಲೆ. ಬಂದ ವಿಷಯ ಹೇಳಿದ ಕೂಡಲೇ ಆಕೆ ಒಳಗಿನಿಂದ ತಗಡಿನ ಪೆಟ್ಟಿಗೆ ಎಳೆದು, ಹಳೆಯ ದುಪ್ಪಟಿ ಬಿಚ್ಚಿ, ಚೆನ್ನಮ್ಮನನ್ನು ಹಾಸಿಗೆಯ ಮೇಲೆ ಹರಡಿದಳು. ಅರಿಶಿನದ ಮುಖ, ಗುಲಾಬಿ ಸೀರೆ, ಸುತ್ತ ಗಿಳಿಹಸಿರು. ನಿನ್ನೆ ಅಚ್ಚು ಹಾಕಿದಂತಿತ್ತು.

ನಾಲ್ಕೂ ಕಡೆ ನಾಲ್ಕು ಬೆರಳು ಅಗಲದ ಬಿಳಿ ಅಂಚು. ಕೆಳಗೆ ಬಲಮೂಲೆಯ ಅಂಚಿನಲ್ಲಿ ಗಿಳಿಹಸಿರಿನ ಒಂದು ಹೆಬ್ಬೆಟ್ಟಿನ ಗುರುತು.

ಆಕೆಯೇ ಬೆರಳಿಟ್ಟು ತೋರಿಸಿದಳು.

"ಇದು ನಂದು ಮೇಡಂ. ಜಾಹಿದ್ ಅಬ್ಬಾಗೆ ಕೆಂಪು ಹಸಿರು ಎರಡೂ ಒಂದೇ ಥರ ಕಾಣೋದು. ಹುಟ್ಟಿದಾಗಿಂದ ಹಾಗೇ. ಗೆರೆ ಅವ್ರದ್ದು, ಬಣ್ಣ ಪೂರಾ ನಂದು. ಯಾವ್ದು ಎಲ್ಲಿ ಅಂತ ಹೇಳ್ತಿದ್ದೂ ನಾನೇ. ಕೊನೇ ಬಣ್ಣ ಆದ್ಮೇಲೆ ಒಂದೊಂದು ಶೀಟೂ ನೋಡಿ, ಸರಿ ಇದ್ರೆ ಅಂಚಲ್ಲಿ ಹೆಬ್ಬೆಟ್ಟು ಒತ್ತುತಿದ್ದೆ. ಹೆಬ್ಬೆಟ್ಟು ಇಲ್ದಿರೋದನ್ನ ಅವ್ರು ಹೊರಗೆ ಕಳಿಸ್ತಿರ್ಲಿಲ್ಲ."

ಈ ವಿಷಯ ಹೊರಗೆ ತಿಳಿದರೆ ಕಾರ್ಖಾನೆಯ ಅಪಾಯ ಬೋರ್ಡಿನ ಕೆಲಸ ತಪ್ಪಿಹೋಗುತ್ತದೆಂದು ಇಬ್ಬರೂ ಬಾಯಿ ಬಿಟ್ಟಿರಲಿಲ್ಲವಂತೆ. ಬೋರ್ಡು, ಕಾರ್ಡುಗಳ ಅಂಚನ್ನು ಕತ್ತರಿಸಿಯೇ ಕಳಿಸುವುದು ವಾಡಿಕೆ. ಈ ಹನ್ನೆರಡು ಚಿತ್ರಗಳಿಗೆ ಮಾತ್ರ ಸಾಹೇಬರು, ಅಂಚು ಇರಲಿ, ನಿನ್ನದೂ ಇರಲಿ ಎಂದರಂತೆ.

ಚೆನ್ನಮ್ಮನ ಬದಲಿಗೆ ಏನು ಕೊಡಬೇಕೆಂದು ಕೇಳಿದೆ. ಏನೂ ಬೇಡ, ನಿಮ್ಮ ಹತ್ತಿರ ಇರುವ ಹನ್ನೊಂದನ್ನೂ ಒಮ್ಮೆ ತನ್ನಿ, ನನ್ನ ಹೆಬ್ಬೆಟ್ಟುಗಳನ್ನು ನೋಡಬೇಕು, ಆಮೇಲೆ ಇದನ್ನೂ ಸುಮ್ಮನೆ ಕೊಟ್ಟುಬಿಡುತ್ತೇನೆ ಎಂದಳು. ಮ್ಯೂಸಿಯಮ್ಮಿನಲ್ಲಿ ಇಬ್ಬರ ಹೆಸರೂ ಇರಬೇಕು, ಅಷ್ಟೇ.

ಆಗಲಿ ಎಂದೆ. ಬೇರೆ ಏನು ಹೇಳಲಿ?

ಗಂಡ ಸತ್ತ ಮೇಲೆ ಎಲ್ಲ ಹೆಂಡತಿಯರೂ ಅರ್ಧ ಕೆಲಸ ತಮ್ಮದೇ ಎನ್ನುತ್ತಾರೆ. ನಾನು ಬರೆದಿರುವ ನಲವತ್ತು ಪುಟದ ಪ್ರಬಂಧದಲ್ಲಿ 'ದಸ್ತಗೀರರ ವರ್ಣಪ್ರಜ್ಞೆ' ಎಂದೇ ಒಂದು ಅಧ್ಯಾಯವಿದೆ.


ಜನವರಿ 12, ಭಾನುವಾರ

ಮೆಟ್ಟಿಲ ಪಕ್ಕದ ಗೋಡೆಯಲ್ಲಿ ಹನ್ನೊಂದೂ ಸಾಲಾಗಿ ಇವೆ. ಎಲ್ಲಕ್ಕೂ ಒಂದೇ ಅಳತೆಯ ಕಪ್ಪು ಫ್ರೇಮು. ಯಾವುದಕ್ಕೂ ಅಂಚಿಲ್ಲ.

ಎರಡು ವರ್ಷದ ಹಿಂದೆ ಗೋಪಾಳದ ಈ ಮನೆಗೆ ಬಂದಾಗ ಒಟ್ಟಿಗೆ ಕಟ್ಟು ಹಾಕಿಸಿದ್ದು. ಗಾಂಧಿ ಬಜಾರಿನಲ್ಲಿ ಗುರು ಎಂಬಾತನ ಫ್ರೇಮ್ ಅಂಗಡಿ. ಅಂಚು ಉಳಿಸಿದರೆ ಮೆಟ್ಟಿಲ ಗೋಡೆಗೆ ಹನ್ನೊಂದು ಹಿಡಿಸುತ್ತಿರಲಿಲ್ಲ. ಬಣ್ಣ ಮೆತ್ತಿದ ಕೊಳಕು ಅಂಚು, ಬೇಡ ಎಂದೆ. ಅವನು ಹಿಂದೇಟು ಹಾಕಿದ. ಹಳೆಯ ಕಾಗದ ಮೇಡಂ, ಅಂಚು ಹಾಗೇ ಇರಲಿ ಎಂದ. ನಾನು ಪಕ್ಕದಲ್ಲೇ ನಿಂತು ಕತ್ತರಿಸಿಸಿದೆ. ಆ ಮೂಲೆಗಳಲ್ಲಿ ಬಣ್ಣದ ಮಸಿ ಇದ್ದದ್ದು ಚೆನ್ನಾಗಿ ನೆನಪಿದೆ. ಕೆಲಸದವರ ಕೈ ತಾಗಿರಬೇಕು ಅಂದುಕೊಂಡಿದ್ದೆ.

ಇತಿಹಾಸದ ಮೇಷ್ಟ್ರು ನಾನು. ದಾಖಲೆಯ ಒಂದು ಚೂರನ್ನೂ ಬಿಸಾಡಬೇಡಿ ಎಂದು ಪ್ರತಿ ಜೂನ್ ತಿಂಗಳು ಹೊಸ ಮಕ್ಕಳಿಗೆ ಹೇಳುತ್ತೇನೆ.


ಜನವರಿ 14, ಸಂಕ್ರಾಂತಿ

ಎಳ್ಳು ಬೀರಲು ಹೋಗಲಿಲ್ಲ. ಬಂದವರಿಗೆ ಕೊಟ್ಟೆ.

ಹಬ್ಬದ ದಿನವೂ ಬಿಡದೆ ಲಿಖಿತಾ ಫೋನ್ ಮಾಡಿದಳು. ಹನ್ನೆರಡರ ಅಳತೆಯನ್ನೂ ಅಂಚು ಸಮೇತ ಕಳಿಸಿ, ಅಂಚಿನಲ್ಲಿ ಸಹಿ, ಗುರುತು ಏನಿದ್ದರೂ ಫೋಟೋ ಬೇಕು ಎಂದಳು. ಅಂಚಿನ ಮಾತು ಯಾಕೆ ಬಂತು ಎಂದು ನಾನು ಬಿರುಸಾಗಿ ಕೇಳಿಬಿಟ್ಟೆ. ಎಲ್ಲ ಪ್ರಿಂಟುಗಳಿಗೂ ಕೇಳುತ್ತೇವಲ್ಲ ಮೇಡಂ ಎಂದು ಅವಳು ಗಾಬರಿಯಾದಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು ನನ್ನ ಕತೆ.

ಮನೋಹರ ಪಕ್ಕದಲ್ಲೇ ಕಬ್ಬು ತಿನ್ನುತ್ತಾ ಕೂತಿದ್ದ. ಒಳ್ಳೆಯ ಮಾತಾಡು ಎಂದು ಹಬ್ಬ ಹೇಳುತ್ತೆ, ನೀನು ಬೆಂಗಳೂರಿಗೇ ಬೈತಿದೀಯಲ್ಲ ಮಾರಾಯ್ತಿ ಎಂದ. ನನ್ನ ಗಂಡನಿಗೆ ಈ ಜಗತ್ತಿನಲ್ಲಿ ಎಲ್ಲವೂ ತಮಾಷೆ.

ಒಂದು ಉಪಾಯ ಹೊಳೆದಿದೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು.


ಜನವರಿ 18, ಶನಿವಾರ

ಬರಿಗೈಯಲ್ಲಿ ಭದ್ರಾವತಿಗೆ ಹೋದೆ. ಅಂಚುಗಳು ಹೋಗಿವೆ ಎಂದು ಹೇಳಿದೆ. ಫ್ರೇಮ್ ಹಾಕುವವನು ನನ್ನನ್ನು ಕೇಳದೆ ಕತ್ತರಿಸಿಬಿಟ್ಟ, ನೋಡಿದಾಗ ನನಗೂ ಹೊಟ್ಟೆ ಉರಿಯಿತು, ಏನು ಮಾಡುವುದು ಎಂದೆ. ಕಣ್ಣಲ್ಲಿ ನೀರೂ ಬಂತು. ಅದು ನಟನೆಯಲ್ಲ, ನಿಜವಾಗಿಯೇ ಬಂತು.

ಆಕೆ ಹನ್ನೊಂದೂನಾ ಎಂದು ಒಂದೇ ಮಾತು ಕೇಳಿದಳು. ಹೌದು ಎಂದೆ.

ಬಾಗಿಲಲ್ಲಿ ನಿಂತಿದ್ದ ಜಾಹಿದ್ ಯಾವ ಅಂಗಡಿ ಎಂದು ಕೇಳಿದ. ಬಾಯಿಗೆ ಬಂದದ್ದನ್ನು ತಡೆಯುವಷ್ಟರಲ್ಲಿ ಹೇಳಿಬಿಟ್ಟಿದ್ದೆ. ಹೋಗಲಿ ಬಿಡಪ್ಪ, ಆದದ್ದಾಯಿತು ಎಂದೂ ಸೇರಿಸಿದೆ.

ಆಕೆ ಟೀ ಕೊಟ್ಟಳು. ನನ್ನ ಪರವಾಗಿ ಬೇಜಾರು ಪಟ್ಟುಕೊಂಡು, ನೀವೇನು ಮಾಡ್ತೀರಿ ಮೇಡಂ, ನಂಬಿ ಕೊಟ್ಟಿದ್ರಿ ಎಂದಳು. ಚೆನ್ನಮ್ಮನನ್ನು ಮುಂದಿನ ವಾರ ಕೊಡುತ್ತಾಳಂತೆ.

ಕೆಲಸ ಆಯಿತು. ಖುಷಿಯಾಗಬೇಕಿತ್ತು.


ಜನವರಿ 20, ಸೋಮವಾರ

ಇದನ್ನು ಬರೆಯದಿದ್ದರೆ ತಲೆ ಒಡೆದು ಹೋಗುತ್ತದೆ.

ಕಾಲೇಜು ಮುಗಿಸಿಕೊಂಡು ಗುರುವಿನ ಅಂಗಡಿಯ ಕಡೆ ಹೊರಟೆ. ಯಾರಾದರೂ ಬಂದು ಕೇಳಿದರೆ ಹೀಗೆ ಹೇಳಿಬಿಡಪ್ಪ ಎಂದು ಮೊದಲೇ ಒಂದು ಮಾತು ಹಾಕಿಡೋಣ ಎಂದು. ಬಜಾರಿನ ತಿರುವಿನಲ್ಲೇ ಗಲಾಟೆ ಕೇಳಿಸಿತು. ಜಾಹಿದ್ ಆಗಲೇ ಬಂದಿದ್ದ. ಅಂಗಡಿಯ ಮೆಟ್ಟಿಲ ಮೇಲೆ ನಿಂತು ಗಟ್ಟಿಯಾಗಿ, ನಮ್ಮ ಅಮ್ಮೀ ಗುರುತನ್ನ ಕತ್ತರಿಸೋಕೆ ನೀವ್ಯಾರು ಎಂದು ಕೇಳುತ್ತಿದ್ದ. ಗುರುವಿನ ಹಿಂದಿನ ಗೋಡೆಯ ತುಂಬಾ ಮಾರಾಟಕ್ಕಿಟ್ಟ ದೇವರ ಪಟಗಳು.

ಐದಾರು ಜನ ಇದ್ದವರು ನೋಡನೋಡುತ್ತಾ ಇಪ್ಪತ್ತು ಮೂವತ್ತಾದರು. ಏನಂತೆ ಎಂದು ಒಬ್ಬ ಕೇಳಿದ. ದೇವರ ಫೋಟೋ ಅಂಗಡೀಲಿ ಗಲಾಟೆ ಮಾಡ್ತಿದಾನಂತೆ ಎಂದು ಇನ್ನೊಬ್ಬ. ಯಾರು ಅವನು ಎಂದು ಮತ್ತೊಬ್ಬ. ಒಬ್ಬ ಫೋನ್ ಎತ್ತಿ ವಿಡಿಯೋ ಮಾಡತೊಡಗಿದ. ಎದುರು ಸಾಲಿನ ಎರಡು ಅಂಗಡಿಗಳ ಶಟರು ಅರ್ಧ ಇಳಿಯಿತು. ಈ ಊರಿನಲ್ಲಿ ಬೆಳೆದ ಯಾರಿಗೂ ಆ ಶಬ್ದದ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.

ನಾನು ಒಂದು ಮಾತು ಹೇಳಿದ್ದರೆ ಸಾಕಿತ್ತು. ನಾನು ರಸ್ತೆಯ ಈಚೆ ಪಾತ್ರೆ ಅಂಗಡಿಯೊಳಗೆ ಹೋಗಿ ಕುಕ್ಕರಿನ ಬೆಲೆ ಕೇಳಿದೆ.

ಅಲ್ಲಿಂದಲೇ ಎಲ್ಲ ಕಾಣುತ್ತಿತ್ತು. ಗುರು ಗಲ್ಲಾ ಬಿಟ್ಟು ಕೆಳಗಿಳಿದು ಬಂದ. ಜಾಹಿದ್‌ನ ಹೆಗಲ ಮೇಲೆ ಕೈ ಹಾಕಿದ. ಸುತ್ತ ಇದ್ದವರಿಗೆ ಕೇಳುವ ಹಾಗೆ ಹೇಳಿದ: "ಏನಿಲ್ಲ ಕಣ್ರಪ್ಪ, ಇವ್ರು ನಮ್ಮ ಗಿರಾಕಿ. ಫ್ರೇಮ್ ಅಳತೇಲಿ ನಾನೇ ತಪ್ಪು ಮಾಡಿದೀನಿ. ನಿಮ್ಮ ನಿಮ್ಮ ಕೆಲಸ ನೋಡ್ಕೊಳ್ಳಿ." ಅಷ್ಟು ಹೇಳಿ ಅವನನ್ನು ಒಳಗೆ ಕರೆದುಕೊಂಡು ಹೋಗಿ ಸ್ಟೂಲು ಕೊಟ್ಟು ಕೂರಿಸಿದ. ಟೀ ತರಿಸಿದ. ವಿಡಿಯೋದವನು ಇನ್ನೂ ಸ್ವಲ್ಪ ಹೊತ್ತು ಕಾದು, ಏನೂ ಆಗದಿದ್ದುದಕ್ಕೆ ಬೇಸರ ಪಟ್ಟುಕೊಂಡು ಹೋದ. ಶಟರುಗಳು ಮೇಲೆ ಹೋದವು.

ಪಾತ್ರೆ ಅಂಗಡಿಯವರು ಕುಕ್ಕರಿಗೆ ಗ್ಯಾರಂಟಿ ಐದು ವರ್ಷ ಎಂದರು.


ಜನವರಿ 21, ಮಂಗಳವಾರ

ರಜೆ ಹಾಕಿದೆ. ತಲೆನೋವು.


ಜನವರಿ 22, ಬುಧವಾರ

ಬೆಳಿಗ್ಗೆ ಗುರು ಮನೆಗೆ ಬಂದ. ಒಳಗೆ ಕರೆದರೂ ಬರಲಿಲ್ಲ. ಗೇಟಿನ ಬಳಿಯೇ ನಿಂತ. ಮೊನ್ನೆ ಪಾತ್ರೆ ಅಂಗಡಿಯಲ್ಲಿ ನಿಮ್ಮನ್ನು ನೋಡಿದೆ ಎಂದ.

ನಾನು ಏನೋ ಹೇಳಲು ಹೋದೆ. ಅವನು ಬಿಡಲಿಲ್ಲ.

"ಅಷ್ಟು ಜನರ ಮುಂದೆ ತಪ್ಪು ನಂದಲ್ಲ ಅಂದಿದ್ರೆ ಮಾತು ಬೇರೆ ಕಡೆ ತಿರುಗ್ತಿತ್ತು ಮೇಡಂ. ಆ ಹುಡುಗ ಒಬ್ಬನೇ ಬಂದಿದ್ದ. ಅದಕ್ಕೆ ಒಪ್ಕೊಂಡೆ. ನಿಮಗೋಸ್ಕರ ಅಲ್ಲ."

ಹೇಳಿ ಸ್ಕೂಟರ್ ಹತ್ತಿದ. ಕೂಗಾಡಿದ್ದರೆ ನಾನೂ ಕೂಗಾಡಿ ಹಗುರಾಗಬಹುದಿತ್ತು.

ಮನೋಹರನಿಗೆ ಎಲ್ಲವನ್ನೂ ಹೇಳಿದೆ. ಅವನು ತಮಾಷೆ ಮಾಡಲಿಲ್ಲ. ತಟ್ಟೆಯಲ್ಲಿದ್ದ ದೋಸೆ ಹಾಗೇ ಬಿಟ್ಟು, ಆ ಹುಡುಗನಿಗೆ ಏನಾದರೂ ಆಗಿದ್ದರೆ ಎಂದು ಮಾತ್ರ ಕೇಳಿದ. ಮದುವೆಯಾಗಿ ಇಷ್ಟು ವರ್ಷದಲ್ಲಿ ಅವನು ತಮಾಷೆ ಮಾಡದೆ ಇದ್ದದ್ದು ಅವನ ತಾಯಿ ಹೋದ ದಿನ ಮಾತ್ರ. ನನಗೆ ನಾಚಿಕೆಯಾಯಿತು. ಇದಕ್ಕೆ ಬೇರೆ ಪದ ಹುಡುಕುವುದು ಬೇಡ.


ಜನವರಿ 25, ಶನಿವಾರ

ಮನೋಹರ ಕಾರು ತೆಗೆದ. ಹನ್ನೊಂದನ್ನೂ ಫ್ರೇಮಿನಿಂದ ಬಿಚ್ಚಿ, ಸೀರೆಯಲ್ಲಿ ಸುತ್ತಿ, ಭದ್ರಾವತಿಗೆ ಕೊಂಡೊಯ್ದೆವು. ಬಿಚ್ಚುವಾಗ ಗೋಡೆಯ ಕಡೆ ನೋಡಬೇಕೆನಿಸಲಿಲ್ಲ.

ಫಿರೋಜಮ್ಮನ ಮನೆಯ ನೆಲದ ಮೇಲೆ ಚಾಪೆ ಹಾಸಿ ಎಲ್ಲವನ್ನೂ ಹರಡಿದೆ. ಅವರು ಕನ್ನಡಕ ಹಾಕಿಕೊಂಡು ಒಂದೊಂದರ ಮುಂದೆಯೂ ಕೂತರು. ಚಿತ್ರದ ಮಧ್ಯಭಾಗವನ್ನು ನೋಡಲೇ ಇಲ್ಲ. ಪ್ರತಿಯೊಂದರ ಬಲಮೂಲೆಗೆ ಕೈ ಹೋಗುತ್ತಿತ್ತು, ಕತ್ತರಿಸಿದ ಗೆರೆಯ ಮೇಲೆ ಬೆರಳಾಡಿಸಿ ಮುಂದಿನದಕ್ಕೆ ಹೋಗುತ್ತಿದ್ದರು. ನಾಲ್ಕನೆಯದಕ್ಕೆ ಬರುವಷ್ಟರಲ್ಲಿ ನನ್ನಿಂದ ತಡೆಯಲಾಗಲಿಲ್ಲ.

"ಗುರು ಕತ್ತರಿಸಲಿಲ್ಲ. ಅವನು ಬೇಡ ಅಂದ. ನಾನೇ ನಿಂತು ಕತ್ತರಿಸಿಸಿದೆ. ನಿಮ್ಮ ಹತ್ರ ಸುಳ್ಳು ಹೇಳ್ದೆ."

ಫ್ಲೆಕ್ಸ್ ಯಂತ್ರ ನಿಲ್ಲಿಸಿ ಜಾಹಿದ್ ಒಳಗೆ ಬಂದಿದ್ದ. ಅವನು ನನ್ನ ಮುಖ ನೋಡಲಿಲ್ಲ, ಮನೋಹರನ ಮುಖ ನೋಡಿ ಹೇಳಿದ. "ಅವ್ರಿಗೆ ಬಾಯಿಗೆ ಬಂದ ಹಾಗೆ ಬೈದಿದೀನಿ ಸರ್. ಅವ್ರು ನಂಗೆ ಟೀ ಕುಡಿಸಿ ಬಸ್ ಸ್ಟ್ಯಾಂಡ್ ತನಕ ಬಿಟ್ಟು ಹೋದ್ರು."

ಆಗ ನಾನು ಮಾಡಿದ ಕೆಲಸವನ್ನು ನೆನೆದರೆ ಈಗ ಮೈ ಉರಿಯುತ್ತದೆ. ಬ್ಯಾಗಿನಿಂದ ಕಾಲೇಜಿನ ಸ್ಟಾಂಪ್ ಪ್ಯಾಡು ತೆಗೆದು ಅವರ ಮುಂದಿಟ್ಟೆ. ಹಿಂಬದಿಯಲ್ಲಿ ಮತ್ತೊಮ್ಮೆ ಹೆಬ್ಬೆಟ್ಟು ಒತ್ತಿಬಿಡಿ, ಎಲ್ಲ ಸರಿಹೋಗುತ್ತದೆ, ನಿಮ್ಮ ಹೆಸರು ನಾನೇ ಬರೆಯುತ್ತೇನೆ ಎಂದೆ. ಒಳ್ಳೆಯದನ್ನೇ ಮಾಡುತ್ತಿದ್ದೇನೆ ಎಂದುಕೊಂಡೇ ಅದನ್ನು ಮನೆಯಿಂದ ತಂದಿದ್ದೆ.

ಅವರು ಪ್ಯಾಡಿನ ಮುಚ್ಚಳ ಮುಚ್ಚಿದರು.

"ರೇಷನ್ ಅಂಗಡೀಲಿ ಒತ್ತಿಸ್ಕೊಳೋ ಹೆಬ್ಬೆಟ್ಟು ಅಂದ್ಕೊಂಡ್ರಾ ಮೇಡಂ? ಅದು ಹಸಿ ಬಣ್ಣ ನೋಡಿ ಒತ್ತಿದ್ದು. ಇಪ್ಪತ್ತು ಶೀಟಲ್ಲಿ ಒಂದು ಕೆಟ್ಟಿದ್ರೂ ಅದಕ್ಕೆ ಒತ್ತುತಿರ್ಲಿಲ್ಲ, ಅವ್ರು ಎಷ್ಟು ಬೇಡ್ಕೊಂಡ್ರೂ. ಈಗ ಏನು ನೋಡಿ ಒತ್ತಲಿ?"

ಬೈಗುಳ ಅಷ್ಟೇ. ಚೆನ್ನಮ್ಮನ ಮಾತು ಯಾರೂ ಎತ್ತಲಿಲ್ಲ. ಪೆಟ್ಟಿಗೆ ಮಂಚದ ಕೆಳಗೇ ಇತ್ತು. ಹನ್ನೊಂದನ್ನೂ ಮತ್ತೆ ಸೀರೆಯಲ್ಲಿ ಸುತ್ತುವಾಗ ಜಾಹಿದ್ ಒಂದು ತುದಿ ಹಿಡಿದುಕೊಂಡ.


ಜನವರಿ 29, ಬುಧವಾರ

ಲಿಖಿತಾಗೆ ಪತ್ರ. ಮೊದಲ ಸಲ 'ಅಂಚುಗಳು ಕಾಲಾಂತರದಲ್ಲಿ ನಷ್ಟವಾಗಿವೆ' ಎಂದು ಬರೆದೆ. ಕಾಲಾಂತರ ಎನ್ನುವುದು ಎಷ್ಟು ಅನುಕೂಲದ ಪದ, ಯಾರ ಹೆಸರನ್ನೂ ಹೇಳುವುದಿಲ್ಲ. ಅಳಿಸಿದೆ. ಎರಡನೆಯ ಸಲ 'ಕತ್ತರಿಸಲ್ಪಟ್ಟಿವೆ' ಎಂದೆ. ಅದನ್ನೂ ಅಳಿಸಿದೆ. ಮೂರನೆಯ ಸಲ, ಹನ್ನೊಂದರ ಅಂಚನ್ನು ನಾನು ಕತ್ತರಿಸಿಸಿದೆ, ಚಿತ್ರಗಳ ಬಣ್ಣ ಫಿರೋಜಮ್ಮನವರದು, ಅದಕ್ಕಿದ್ದ ಗುರುತುಗಳು ನನ್ನಿಂದ ಹೋದವು, ಹನ್ನೆರಡನೆಯದು ನನ್ನದಲ್ಲ, ಅವರದು ಎಂದು ಬರೆದು ಕಳಿಸಿದೆ. ವರ್ಣಪ್ರಜ್ಞೆಯ ಅಧ್ಯಾಯ ವಾಪಸು ಪಡೆದಿದ್ದೇನೆ ಎಂದೂ ಸೇರಿಸಿದೆ.

ಸಂಗ್ರಹದ ಹೆಸರಿನ ಬಗ್ಗೆ ಬರೆಯುವುದು ಮರೆತೇಹೋಯಿತು.


ಫೆಬ್ರವರಿ 2, ಭಾನುವಾರ

ಲಿಖಿತಾ ಬರಲಿಲ್ಲ. ಅವರ ಸಮಿತಿ ಸದ್ಯಕ್ಕೆ ಮುಂದೂಡಿದೆಯಂತೆ. ಅವಳಿಗೆಂದು ಮಾಡಿದ ಚಿರೋಟಿಯನ್ನು ನಾವಿಬ್ಬರೇ ತಿಂದೆವು. ಅಳು ಬರುತ್ತದೆ ಅಂದುಕೊಂಡಿದ್ದೆ, ಹಸಿವಾಯಿತು.


ಫೆಬ್ರವರಿ 6, ಗುರುವಾರ

ಗುರುವಿನ ಅಂಗಡಿಗೆ ಹೋದೆ. ತಪ್ಪಾಯಿತು ಎಂದು ಅವನ ಎದುರಿಗೇ, ಗಿರಾಕಿಗಳು ಇದ್ದಾಗಲೇ ಹೇಳಿದೆ. ಅವನು ಹ್ಞೂಂ ಎಂದ, ಗಾಜು ಕೊಯ್ಯುತ್ತಲೇ ಇದ್ದ. ಹೊರಡಲು ತಿರುಗಿದಾಗ ಅವನಾಗಿಯೇ ಕೇಳಿದ, ಆ ಅಂಚು ಬೇಕಿತ್ತಾ ಎಂದು.

ಬಿಸಾಡಿಲ್ಲವಂತೆ. ಅವರ ಕೆಲಸದಲ್ಲಿ ದಪ್ಪ ಕಾಗದವನ್ನು ಯಾರೂ ಬಿಸಾಡುವುದಿಲ್ಲ. ಫೋಟೋ ಫ್ರೇಮಿನೊಳಗೆ ಅಲುಗಾಡದಂತೆ, ಹಿಂದಿನ ಹಲಗೆಗೂ ಫೋಟೋಕ್ಕೂ ನಡುವೆ ಅಂಥ ಪಟ್ಟಿಗಳನ್ನು ತುಂಬುತ್ತಾರೆ. ಮಿಲ್ಲಿನ ಶೀಟು ಗಟ್ಟಿಯಾಗಿತ್ತು, ಆ ತಿಂಗಳು ಮಾಡಿದ ಫ್ರೇಮುಗಳಿಗೆಲ್ಲ ಅದನ್ನೇ ಹಾಕಿದೆ ಎಂದ. ಸುಮಾರು ಅರವತ್ತು ಫ್ರೇಮು. ದೇವರು, ಮದುವೆ, ನಿವೃತ್ತಿ, ತೀರಿಕೊಂಡವರು. ಎಲ್ಲ ಈ ಊರಿನ, ಸುತ್ತಮುತ್ತಲಿನ ಮನೆಗಳಲ್ಲೇ ಇವೆ.

ಒಂದು ಚಿತ್ರಕ್ಕೆ ನಾಲ್ಕು ಪಟ್ಟಿ. ಅದರಲ್ಲಿ ಒಂದಕ್ಕೆ ಮಾತ್ರ ಹೆಬ್ಬೆಟ್ಟು. ಲೆಕ್ಕ ಹಾಕಿದರೆ ಎದೆ ಒಡೆಯುತ್ತದೆ, ಅದಕ್ಕೇ ಹಾಕುವುದಿಲ್ಲ.

ಅವನಿಗೆ ನೆನಪಿದ್ದ ಹೆಸರುಗಳನ್ನು ಬರೆದುಕೊಂಡೆ. ಮೂವತ್ತೆಂಟಾಯಿತು.


ಫೆಬ್ರವರಿ 9, ಭಾನುವಾರ

ಗುರು ಉಳಿ, ಮೊಳೆ, ಅಂಟು ಟೇಪು ಹಿಡಿದು ತಾನೇ ಬಂದ. ನೀವು ಬಿಚ್ಚಿದ್ರೆ ಗಾಜು ಒಡೀತೀರ ಎಂದ.

ಏಳು ಮನೆ. ಗೋಡೆಯ ಮೇಲಿನ ಲಕ್ಷ್ಮಿಯನ್ನು ಇಳಿಸಿ ಹಿಂದೆ ಏನಿದೆ ನೋಡುತ್ತೇನೆ ಎಂದರೆ ಯಾರು ತಾನೇ ಒಪ್ಪುತ್ತಾರೆ? ಒಬ್ಬ ಅಜ್ಜಿ ಮಡಿಯಲ್ಲಿ ಬನ್ನಿ ಎಂದರು. ಒಬ್ಬರು ನಿಧಿ ಇದೆಯಾ ಎಂದು ಮೂರು ಸಲ ಕೇಳಿದರು. ಮೊದಲ ಮನೆಯಲ್ಲಿ ಸಂಶೋಧನೆಗೆ ಎಂದೆ, ಯಾರಿಗೂ ಅರ್ಥವಾಗಲಿಲ್ಲ. ಎರಡನೆಯ ಮನೆಯಿಂದ ನಡೆದದ್ದನ್ನೇ ಹೇಳತೊಡಗಿದೆ. ಅದು ಎಲ್ಲರಿಗೂ ಅರ್ಥವಾಗುತ್ತದೆ.

ಐದು ಮನೆಯವರು ಬಿಚ್ಚಲು ಬಿಟ್ಟರು. ಪಟ್ಟಿ ಎರಡು ಸಿಕ್ಕವು. ಎರಡೂ ಖಾಲಿ.


ಫೆಬ್ರವರಿ 16, ಭಾನುವಾರ

ಆರು ಮನೆ. ನಾಲ್ಕು ಪಟ್ಟಿ. ಖಾಲಿ.


ಫೆಬ್ರವರಿ 23, ಭಾನುವಾರ

ಮಲವಗೊಪ್ಪ. ಹೊನ್ನಯ್ಯ ಎಂಬುವರ ಮನೆ. ಲಾರಿ ಓಡಿಸಿ ಈಗ ಮೊಮ್ಮಕ್ಕಳನ್ನು ಶಾಲೆಗೆ ಬಿಡುವ ಕೆಲಸ. ಆ ತಿಂಗಳು ಗುರು ಅವರಿಗೆ ಹಾಕಿಕೊಟ್ಟದ್ದು ಹೆಂಡತಿ ಪುಷ್ಪಮ್ಮನ ಫೋಟೋ. ನಡುಮನೆಯಲ್ಲಿ ಗಂಧದ ಹಾರ ಹಾಕಿಕೊಂಡು ಆಕೆ ನಗುತ್ತಿದ್ದರು.

ನಡೆದದ್ದನ್ನು ಹೇಳಿದೆ. ಹೊನ್ನಯ್ಯ ಫೋಟೋದ ಕಡೆ ನೋಡಿದರು. ಮೇಲೆ ಹಾಕಿದ ಮೇಲೆ ಅವಳನ್ನ ಒಂದು ಸಲವೂ ಇಳಿಸಿಲ್ಲ ಎಂದರು. ಹಾಗಾದರೆ ಬೇಡ ಎಂದು ನಾನೇ ಎದ್ದೆ. ನಿಜವಾಗಿಯೂ ಬೇಡ ಅನಿಸಿತು. ಬಾಗಿಲು ದಾಟಿದ್ದೆವು, ಆಗ ಅವರು ಕರೆದರು.

"ಆ ಯಮ್ಮ ಬದುಕಿದಾರಾ? ಬದುಕಿದ್ರೆ ತಗೊಳ್ಳಿ. ನಮ್ಮೋಳ ಗುರ್ತು ಎಲ್ಲಾದ್ರೂ ಸಿಗ್ತದೆ ಅಂದ್ರೆ ನಾನೂ ಹೋಗಿ ಕೇಳ್ತಿದ್ದೆ."

ಹಾರವನ್ನು ಅವರೇ ತೆಗೆದರು. ಗುರು ಹಲಗೆ ಸರಿಸಿದ. ಮೂರು ಪಟ್ಟಿ ಇದ್ದವು. ಮೊದಲಿನದು ಖಾಲಿ. ಎರಡನೆಯದೂ ಖಾಲಿ. ಮೂರನೆಯದನ್ನು ಗುರು ತಿರುಗಿಸದೆ ನನ್ನ ಕೈಗೆ ಕೊಟ್ಟ. ತಿರುಗಿಸಿದೆ. ಕಡು ಹಸಿರಿನ ಹೆಬ್ಬೆಟ್ಟು, ಒಂದೊಂದು ಗೆರೆಯ ಸಮೇತ. ನಾನು ಆ ಮನೆಯ ನೆಲದ ಮೇಲೆ ಕೂತು ಅತ್ತೆ. ಹೊನ್ನಯ್ಯ ನೀರು ತಂದುಕೊಟ್ಟರು.

ಅಲ್ಲಿಂದ ನೇರ ಭದ್ರಾವತಿಗೆ. ಗುರುವೂ ಬಂದ. ಜಾಹಿದ್ ಅವನನ್ನು ಕಂಡು ಅಂಗಡಿಯಿಂದಲೇ ಇಳಿದು ಬಂದು ಕೈ ಹಿಡಿದುಕೊಂಡ. ಫಿರೋಜಮ್ಮ ಪಟ್ಟಿಯನ್ನು ಬೆಳಕಿಗೆ ಹಿಡಿದು ನೋಡಿದರು. ಆಮೇಲೆ ಕನ್ನಡಕ ತೆಗೆದು ಮತ್ತೊಮ್ಮೆ ನೋಡಿದರು.

"ಇದು ಓಬವ್ವಂದು. ಕೋಟೆಗೆ ಕಿತ್ತಳೆ, ಸೀರೆಗೆ ಈ ಹಸಿರು. ಹಸಿರು ಜಾಸ್ತಿ ಆಯ್ತಾ ಅಂತ ಅವ್ರು ಕೇಳಿದ್ರು. ನಿಮಗೇನು ಗೊತ್ತಾಗುತ್ತೆ ಸುಮ್ನಿರಿ ಅಂದಿದ್ದೆ."

ಹೇಳಿ ಅವರೇ ನಕ್ಕರು. ಜಾಹಿದ್ ಆ ಕತೆಯನ್ನು ಮೊದಲ ಸಲ ಕೇಳುತ್ತಿದ್ದನಂತೆ.

ಪಟ್ಟಿಯನ್ನು ಮನೆಗೆ ಒಯ್ದು ಓಬವ್ವನ ಕೆಳಗೆ ಜೋಡಿಸಬೇಕೆಂದು ನಾನು ಕೈ ಚಾಚಿದೆ. ಅದು ನನ್ನ ಅಭ್ಯಾಸ. ಅವರು ಕೊಡಲಿಲ್ಲ. ಮಂಚದ ಕೆಳಗಿನಿಂದ ಪೆಟ್ಟಿಗೆ ಎಳೆದು ಒಳಗಿಟ್ಟು ಮುಚ್ಚಳ ಹಾಕಿದರು.

"ಇನ್ನು ಹತ್ತು ಇವೆಯಲ್ಲ ಮೇಡಂ. ಸಿಕ್ಕಿದ ಹಾಗೆ ತಂದುಕೊಡಿ."

ಆಗಲಿ ಎಂದೆ. ಬಸ್ಸಿನಲ್ಲಿ ಗುರುವಿಗೆ ಮುಂದಿನ ಭಾನುವಾರ ಬಿಡುವಿದೆಯೇ ಎಂದು ಕೇಳಿದೆ. ಮದುವೆ ಫ್ರೇಮುಗಳ ಕೆಲಸವಿದೆಯಂತೆ, ಮಧ್ಯಾಹ್ನದ ಮೇಲೆ ಬರುತ್ತಾನೆ. ಇನ್ನೂ ಇಪ್ಪತ್ತನಾಲ್ಕು ಮನೆಗಳಿಗೆ ಹೋಗುವುದಿದೆ.